ನಾಲ್ಕನೇ ಹಂದಿಯ ಲೆಕ್ಕ

"ಮೇಡಂ, ನಾಲ್ಕನೇ ಹಂದಿ ಲೆಕ್ಕ ತಪ್ಪು," ಎಂದ ಹಂದಿ ಶೆಡ್ಡಿನ ಅಟೆಂಡರ್, ಬಾಗಿಲಲ್ಲೇ ನಿಂತು.

ಸಂಶೋಧಕಿಯ ಪೆನ್ನು ನಿಂತಿತು. ಹೊಸ ಹಿಂಡಿಯಿಂದ ಬೆಳೆಯುವ ಹಂದಿಗೆ ಎಷ್ಟು ಶಕ್ತಿ ದಕ್ಕುತ್ತದೆಂದು ತಿಳಿಯಲು, ತಿಂದ ಹಿಂಡಿಯನ್ನೂ ಹಾಕಿದ ಮಲವನ್ನೂ ಅವಳು ಐದು ದಿನ ತೂಗಿದ್ದಳು. ಮಲ ಕಡಿಮೆಯಾದಷ್ಟೂ ಹಿಂಡಿ ಹೆಚ್ಚು ಜೀರ್ಣವಾಗಿದೆ ಎಂದರ್ಥ. ನಾಲ್ಕನೆಯದರ ಫಲಿತಾಂಶವೇ ಎಲ್ಲಕ್ಕಿಂತ ಚೆನ್ನಾಗಿತ್ತು.

"ಅದರ ಮಲದ ಒಂದು ಟ್ರೇ, ತೂಗೋಕೆ ಮೊದಲೇ ಕೈಜಾರಿ ಚರಂಡಿ ಪಾಲಾಯ್ತು. ಬೈತೀರಂತ ಬಾಯಿ ಬಿಡ್ಲಿಲ್ಲ. ಈಗ ನೀವು ಇಷ್ಟು ಖುಷಿಪಡೋದು ನೋಡಿ ಹೇಳ್ದೆ ಇರೋಕಾಗ್ಲಿಲ್ಲ."

ಅವಳು ಆ ಅಂಕಿಯ ಮೇಲೆ ನಿಧಾನವಾಗಿ ಗೆರೆ ಎಳೆದು, ಲೆಕ್ಕದ ಪುಸ್ತಕವನ್ನು ಅವನತ್ತ ತಿರುಗಿಸಿದಳು. "ಕಾರಣ ನೀವೇ ಬರೀರಿ."

"ನಾನಾ?"

"ಗೊತ್ತಿರೋದು ನಿಮಗೆ ತಾನೇ?"

ಇಪ್ಪತ್ತು ವರ್ಷದಿಂದ ಆ ಶೆಡ್ಡು ತೊಳೆಯುತ್ತಿದ್ದ ಕೈಯನ್ನು ಅವನು ಅಂಗಿಗೆ ಒರೆಸಿಕೊಂಡ. 'ಟ್ರೇ ಬಿತ್ತು' ಎಂದು ಬರೆದ. ಸ್ವಲ್ಪ ತಡೆದು, 'ನನ್ನ ಕೈಯಿಂದ' ಎಂದು ಸೇರಿಸಿದ.