ಬಾಗಿಲ ನಗ್ಗು

"ಚಿಕ್ಕವನೆಲ್ಲಿ?" ಅಪ್ಪ ಮತ್ತೆ ಕೇಳಿದರು.

"ಕಾರು ನಿಲ್ಲಿಸೋಕೆ ಹೋಗಿದಾನಪ್ಪ, ಬಂದೇಬಿಡ್ತಾನೆ," ಎಂದ ಹಿರಿಯ ಮಗ. ಬೆಳಿಗ್ಗೆ ಅಣ್ಣನನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ, ಅವನ ಕಾರು ನಿಲ್ಲಿಸಿ ಬರುತ್ತೇನೆಂದು ಹೋದ ತಮ್ಮನ ಪತ್ತೆ ಮಧ್ಯಾಹ್ನವಾದರೂ ಇರಲಿಲ್ಲ. ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ನಾಳೆ ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರೇ ಹೇಳಿದ್ದರಿಂದ ಯಾರಿಗೂ ಅವಸರವಿರಲಿಲ್ಲ, ಅಪ್ಪನೊಬ್ಬರನ್ನು ಬಿಟ್ಟು. ಅವರು ದಿಂಬಿನ ಮೇಲೆ ಮುಖ ಹೊರಳಿಸಿ ಬಾಗಿಲನ್ನೇ ನೋಡುತ್ತಿದ್ದರು. ನೋಡುತ್ತಿದ್ದಂತೆಯೇ ಎದೆ ಹಿಡಿದುಕೊಂಡರು. ನರ್ಸು ಓಡಿಬಂದಳು, ಡಾಕ್ಟರು ಓಡಿಬಂದರು. ಅಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು.

ಅಣ್ಣನಿಗೆ ಅಳುವಿಗಿಂತ ಮೊದಲು ಬಂದದ್ದು ಸಿಟ್ಟು. ಅಪ್ಪ ಬಾಯಿಬಿಟ್ಟು ಕೇಳುತ್ತಿರುವಾಗ ಇವನು ಯಾವ ಊರು ಸುತ್ತಲು ಹೋದ? ಹುಟ್ಟಿದಾಗಿನಿಂದ ಬೇಜವಾಬ್ದಾರಿ. ಸಿಗಲಿ, ಇವತ್ತು ಜನ್ಮ ಜಾಲಾಡಿಬಿಡುತ್ತೇನೆ ಎಂದುಕೊಂಡು ಮೆಟ್ಟಿಲಿಳಿದು ಗಾಡಿ ನಿಲ್ಲಿಸುವ ಜಾಗಕ್ಕೆ ಬಂದ.

ಕಾರು ಆಗಷ್ಟೇ ಒಳಗೆ ಬರುತ್ತಿತ್ತು. ಎದುರಿಗೇ ಖಾಲಿ ಜಾಗವಿದ್ದರೂ ತಮ್ಮ ಅದನ್ನೆಲ್ಲ ದಾಟಿಕೊಂಡು ಕಟ್ಟಕಡೆಯ ಗೋಡೆಯ ಪಕ್ಕ ಹೋಗಿ ನಿಲ್ಲಿಸಿದ. ಅದು ಅಣ್ಣನದೇ ಕಟ್ಟಳೆ. ಗೋಡೆ ಪಕ್ಕದಲ್ಲಿದ್ದರೆ ಒಂದು ಮಗ್ಗುಲಾದರೂ ಉಳಿಯುತ್ತದೆ. ದೊಡ್ಡ ಗಾಡಿಗಳ ಪಕ್ಕ ಕೂಡದು, ಮಕ್ಕಳು ಇಳಿಯುವ ಗಾಡಿಯ ಪಕ್ಕವಂತೂ ಖಂಡಿತ ಕೂಡದು. ಬಾಗಿಲು ತೆರೆಯುವಾಗ ಅಂಚಿಗೆ ಅಂಗೈ ಅಡ್ಡ ಹಿಡಿಯಬೇಕು. ಅಂಚಿಗೆಲ್ಲ ರಬ್ಬರ್ ಪಟ್ಟಿ ಬೇರೆ ಅಂಟಿಸಿದ್ದ. "ಮದುವೆಯಾದ ಹೊಸದರಲ್ಲಿ ನನ್ನನ್ನೂ ಇಷ್ಟು ಜೋಪಾನ ಮಾಡಿರಲಿಲ್ಲ ಇವರು," ಎಂದು ಅವನ ಹೆಂಡತಿ ನೆಂಟರೆದುರು ನಗುತ್ತಿದ್ದಳು. ತಮ್ಮ ನಗುತ್ತಿರಲಿಲ್ಲ. ಉಗುರಿನಷ್ಟು ಉದ್ದದ ಗೀರೊಂದಕ್ಕೆ ಅಣ್ಣ ಹಿಂದೊಮ್ಮೆ ಹತ್ತು ಜನರ ಮುಂದೆ ಅವನ ಮುಖದ ನೀರಿಳಿಸಿದ್ದ.

ಕಾರಿನಿಂದ ಇಳಿದ ತಮ್ಮ ಅಣ್ಣನನ್ನು ಕಂಡು ಬೆಚ್ಚಿದ.

"ಎಲ್ಲಿ ಹಾಳಾಗಿ ಹೋಗಿದ್ದೆ?"

"ಅಣ್ಣ, ಬೈಬೇಡ, ಹೇಳ್ತೀನಿ. ಬೆಳಿಗ್ಗೆ ಇಲ್ಲೇ ನಿಲ್ಲಿಸಿದ್ದೆ, ಗೋಡೆ ಪಕ್ಕಾನೇ. ಆದ್ರೂ ಈ ಕಡೆ ಒಬ್ಬ ಬಂದು ನಿಲ್ಲಿಸಿ ದಡಾರಂತ ಬಾಗಿಲು ತೆಗೆದ. ನಮ್ಮ ಹಿಂದಿನ ಬಾಗಿಲು ನಗ್ಗಿಹೋಯ್ತು. ನೀನು ನೋಡೋದ್ರೊಳಗೆ ಸರಿಮಾಡಿಸಿಬಿಡೋಣ ಅಂತ ಗ್ಯಾರೇಜಿಗೆ ಹೋದೆ. ಅವನು ಒಳಗಿಂದ ಸರಳು ಹಾಕಿ ಒಂಚೂರೊಂಚೂರೇ ಒತ್ತಿ ಎತ್ತಿದ. ಬಣ್ಣ ಕೀಳಬಾರದು ಅಂದ್ರೆ ಅವಸರ ಮಾಡಬೇಡಿ ಅಂದ."

"ಫೋನು ಯಾಕೆ ಎತ್ತಲಿಲ್ಲ?"

"ಎತ್ತಿದ್ರೆ ಎಲ್ಲಿದ್ದೀಯ ಅಂತ ಕೇಳ್ತಿದ್ದೆ. ನಿನ್ನ ಹತ್ರ ಸುಳ್ಳು ಹೇಳೋಕೆ ನಂಗೆ ಬರಲ್ಲ. ಅಪ್ಪನ್ನ ಹೇಗೂ ನಾಳೆ ಮನೆಗೆ ಕಳಿಸ್ತಾರಲ್ಲ, ಒಂದು ಗಳಿಗೆ ತಡವಾದ್ರೂ ನಡೆಯುತ್ತೆ ಅನ್ಕೊಂಡೆ." ತಮ್ಮ ಹಿಂದಿನ ಬಾಗಿಲ ಬಳಿ ಬಗ್ಗಿ ತೋರಿಸಿದ. "ನೋಡು, ಗುರುತೂ ಉಳಿದಿಲ್ಲ."

ನಿಜಕ್ಕೂ ಉಳಿದಿರಲಿಲ್ಲ. ಅಣ್ಣನಿಗೆ ಆ ಬಾಗಿಲು ನೋಡಲಾಗಲಿಲ್ಲ. ತಮ್ಮನನ್ನು ಅಪ್ಪನ ಹಾಸಿಗೆಯಿಂದ ದೂರ ಇಟ್ಟದ್ದು ಬೇಜವಾಬ್ದಾರಿಯಲ್ಲ, ಅಣ್ಣನೆಂಬ ಭಯ. ಆ ಭಯ ಬಿತ್ತಿ ನೀರೆರೆದವನು ತಾನೇ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ಒಬ್ಬ, ಉಣ್ಣಬೇಕಾದವನು ಇನ್ನೊಬ್ಬ.

"ಯಾಕಣ್ಣ ಹಾಗೆ ನಿಂತೆ? ಅಪ್ಪ ನನ್ನ ಕೇಳಿದ್ರಾ?"

ಇಲ್ಲ ಎಂದುಬಿಡಬೇಕೆಂದು ಅಣ್ಣನಿಗೆ ಬಹಳ ಅನಿಸಿತು. ಸುಳ್ಳು ಹೇಳಲು ಬಾರದ ತಮ್ಮನ ಮುಂದೆ ಅವನಿಗೂ ನಾಲಗೆ ಹೊರಳಲಿಲ್ಲ.

"ಕೇಳಿದ್ರು," ಎಂದ. "ಕೊನೇವರೆಗೂ ನಿನ್ನನ್ನೇ ಕೇಳಿದ್ರು ಕಣೋ."

ಕೊನೇವರೆಗೂ ಎಂದರೇನೆಂದು ತಮ್ಮನಿಗೆ ತಿಳಿಯಿತು. ಆಸರೆಗೆಂದು ಕಾರಿನ ಕಡೆ ಕೈ ಚಾಚಿದವನು, ಇನ್ನೇನು ಮುಟ್ಟಬೇಕು ಎನ್ನುವಾಗ, ಅಣ್ಣನ ಮುಖ ನೋಡಿ ಕೈ ಹಿಂದಕ್ಕೆಳೆದುಕೊಂಡು ಬರಿನೆಲದ ಮೇಲೆ ಕುಸಿದ.