ಸದ್ದಿಲ್ಲದ ಓದು

‘ಶ್...’ ಎಂದು ಗ್ರಂಥಪಾಲಕ ರಂಗಸ್ವಾಮಿ ತುಟಿಯ ಮೇಲೆ ಬೆರಳಿಟ್ಟದ್ದೇ ತಡ, ಜೋರಾಗಿ ಕತೆ ಓದುತ್ತಿದ್ದ ಸಿಂಚನ ತಟ್ಟನೆ ಬಾಯಿ ಮುಚ್ಚಿದಳು. ಪಕ್ಕದಲ್ಲಿದ್ದ ಅಜ್ಜಿ ಚಿಕ್ಕತಾಯಮ್ಮನಿಗೆ ರೇಗಿತು. ‘ಓದೋ ಮಗೀನ ಯಾಕ್ ಸಾ ತಡೀತೀರಿ?’

‘ಓದ್ಲಿ ಕಣವ್ವ, ಯಾರ್ ಬ್ಯಾಡ ಅಂದ್ರು? ಸದ್ದು ಮಾಡ್ದೆ ಮನಸಲ್ಲೇ ಓದ್ಲಿ. ಇದು ಲೈಬ್ರರಿ.’

ಚಿಕ್ಕತಾಯಮ್ಮನಿಗೆ ನಂಬಿಕೆ ಬರಲಿಲ್ಲ. ಹೊನ್ನೂರಿನ ಅವರ ಮನೆಯಲ್ಲಿ ಮೊಮ್ಮಗಳು ಓದಿದರಷ್ಟೇ ಮಲಗುವಾಗ ಅಜ್ಜಿ ಕತೆ ಹೇಳುವುದು. ಅಕ್ಷರ ಕಲಿಯದ ಅಜ್ಜಿ ಒಲೆ ಮುಂದೆ ಕೂತೇ ಕಿವಿಗೊಟ್ಟು ಕಾಯುವವಳು. ಪಡಸಾಲೆಯಲ್ಲಿ ದನಿ ನಿಂತರೆ ಓದು ನಿಂತಿತೆಂದೇ ಲೆಕ್ಕ. ಈಗ ನೋಡಿದರೆ ಹುಡುಗಿಯ ತುಟಿ ಅಲುಗುತ್ತಿಲ್ಲ, ಕಣ್ಣು ಮಾತ್ರ ಸಾಲಿನ ಮೇಲೆ ಓಡುತ್ತಿದೆ. ಬರೀ ನಾಟಕ ಎಂದುಕೊಳ್ಳುವಷ್ಟರಲ್ಲಿ ಸಿಂಚನ ಕಿಸಕ್ಕನೆ ನಕ್ಕು ಬಾಯಿಗೆ ಕೈ ಅಡ್ಡ ಹಿಡಿದಳು.

ಚಿಕ್ಕತಾಯಮ್ಮ ಸೆರಗು ಸರಿಸಿ, ಬಗ್ಗಿ, ಕಿವಿಯನ್ನೇ ಪುಸ್ತಕದ ಹಾಳೆಯ ಹತ್ತಿರ ತಂದಳು. ಏನೂ ಕೇಳಿಸಲಿಲ್ಲ.

‘ಯಾಕ್ ಮಗ ನಗ್ತೀಯೆ? ಯಾರೂ ಏನೂ ಅನ್ಲೇ ಇಲ್ಲ!’ ಅವಳೂ ಈಗ ಪಿಸುಗುಟ್ಟಿದಳು.

‘ಕತೇಲಿ ನರಿ ಒಂದ್ ಮಾತ್ ಅಂತು ಕಣಜ್ಜಿ. ನಂಗ್ ಒಳಗೇ ಕೇಳುಸ್ತದೆ.’

‘ಒಳಗೇ? ಯಾರ್ ದನೀಲಿ?’

ಅದು ಸಿಂಚನಳಿಗೂ ಗೊತ್ತಿರಲಿಲ್ಲ. ಅದೇ ಸಾಲನ್ನು ಇನ್ನೊಮ್ಮೆ ಸದ್ದಿಲ್ಲದೆ ಓದುತ್ತಾ ತನ್ನೊಳಗೇ ಕಿವಿಗೊಟ್ಟಳು. ಆಮೇಲೆ ಬೆರಗಾಗಿ ಅಜ್ಜಿಯ ಮುಖ ನೋಡಿದಳು.

‘ನಿಂದೇ ಕಣಜ್ಜಿ.’