ಚಪ್ಪಾಳೆ ಬೇಡವೆಂದ ನಟಿ

ಐವತ್ತು ಚಲನಚಿತ್ರಗಳ ನಟಿ ಆರ್ಲೆಟ್ ಗುಯೋನ್ ತೀರಿಕೊಂಡ ಸುದ್ದಿ ರೇಡಿಯೋದಲ್ಲಿ ಬಂದ ಬೆಳಿಗ್ಗೆ, ನಲವತ್ತು ವರ್ಷ ಅವಳಿಗೆ ಉಡುಪು ತೊಡಿಸಿದ ಜೆರ್ಮೆನ್ ಅಳುತ್ತ ಕೂರಲಿಲ್ಲ. ನೇರವಾಗಿ, ಅಂತ್ಯಕ್ರಿಯೆಯ ಹೊಣೆ ಹೊತ್ತಿದ್ದ ನಿರ್ಮಾಪಕ ರೋಜೆಯ ಮನೆಗೆ ಹೋದಳು. "ಇಗರ್ಜಿಯಿಂದ ಶವಪೆಟ್ಟಿಗೆ ಹೊರಬರುವಾಗ ಯಾರೂ ಚಪ್ಪಾಳೆ ತಟ್ಟಬಾರದು. ಅವಳಿಗೆ ಮಾತು ಕೊಟ್ಟಿದ್ದೀನಿ."

"ನಟಿಯನ್ನ ಚಪ್ಪಾಳೆ ತಟ್ಟಿ ಕಳಿಸೋದೇ ನಮ್ಮ ರೂಢಿ ಅಲ್ವಾ ಮದಾಮ್? ಜನ ನನ್ನ ಮುಖಕ್ಕೆ ಉಗೀತಾರೆ."

"'ಚಪ್ಪಾಳೆ ಕೇಳಿದ್ರೆ ಅಭ್ಯಾಸಬಲದಿಂದ ಪೆಟ್ಟಿಗೆಯಲ್ಲೇ ಎದ್ದು ತಲೆಬಾಗಿಸಿಬಿಡ್ತೀನಿ ಕಣೇ, ಹೊತ್ತವರು ಓಡಿಹೋಗ್ತಾರೆ' ಅಂದಿದ್ದಳು ಆರ್ಲೆಟ್. ಆಮೇಲೆ ನಗು ನಿಲ್ಲಿಸಿ, 'ಆವತ್ತಾದರೂ ಜನ ನನಗೋಸ್ಕರ ಪ್ರಾರ್ಥನೆ ಮಾಡಲಿ' ಅಂದಳು."

"ಸಾವಿರ ಜನರ ಕೈ ತಡೆಯೋಕೆ ನನ್ನಿಂದಾಗಲ್ಲ" ಎಂದ ರೋಜೆ.

ಶುಕ್ರವಾರ, ಆರ್ಲೆಟ್ ಹುಟ್ಟಿದ ದಿಯೆಪ್ ಬಂದರಿನ ಇಗರ್ಜಿಯ ಮುಂದೆ ನಟರೂ ಮೀನು ಮಾರುವವರೂ ಒತ್ತಾಗಿ ನಿಂತಿದ್ದರು. ಪೆಟ್ಟಿಗೆ ಬಾಗಿಲು ದಾಟಿದ್ದೇ ತಡ, ಚಪ್ಪಾಳೆ ಮೊಳಗಿತು. ಜೆರ್ಮೆನ್ ಊರುಗೋಲನ್ನು ಬದಿಗಿಟ್ಟು, ಪೆಟ್ಟಿಗೆಗೆ ಅಡ್ಡಲಾಗಿ ಕಲ್ಲು ಮೆಟ್ಟಿಲ ಮೇಲೆ ಮೊಣಕಾಲೂರಿದಳು. ಹೊತ್ತವರು ನಿಂತರು. "ಏಳಿ ಮದಾಮ್, ಎಲ್ಲರೂ ನೋಡ್ತಿದ್ದಾರೆ" ಎಂದು ರೋಜೆ ತೋಳು ಹಿಡಿದ. ಅವಳು ಕೊಡವಿಕೊಂಡು, ಮಾತೆ ಮರಿಯಳ ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳತೊಡಗಿದಳು. ಮೂರನೆಯ ಸಲಕ್ಕೆ ಮೀನು ಮಾರುವವಳೊಬ್ಬಳು ಚಪ್ಪಾಳೆ ನಿಲ್ಲಿಸಿ ಕೈ ಜೋಡಿಸಿದಳು. ಒಬ್ಬೊಬ್ಬರಾಗಿ ಉಳಿದವರ ಕೈಗಳೂ ನಿಂತವು. ರೋಜೆಗೆ ಪ್ರಾರ್ಥನೆ ಮರೆತೇಹೋಗಿತ್ತು. ಅವನು ಜೆರ್ಮೆನಳ ಪಕ್ಕದಲ್ಲಿ ಮಂಡಿಯೂರಿ, ಅವಳು ಮೆಲ್ಲಗೆ ಹೇಳಿಕೊಟ್ಟ ಸರಳ ಮಾತುಗಳನ್ನೇ ಹೇಳಿದ: "ಪ್ರಭುವೇ, ಆರ್ಲೆಟ್ ದಣಿದು ನಿನ್ನ ಬಳಿ ಬಂದಿದ್ದಾಳೆ. ಅವಳಿಗೆ ನೆಮ್ಮದಿ ಕೊಡು."